ಆದಾಯ ತೆರಿಗೆ ಇಲ್ಲದ ರಾಜ್ಯದಲ್ಲಿ ತೆರಿಗೆ ಯಾರು ಕಟ್ಟುತ್ತಾರೆ?

ಅಮೆರಿಕದ ತೆರಿಗೆ ಸುದ್ದಿ ಓದಿದವರಿಗೆ ಈಗ ತಲೆ ಗಿರ್ ಅನ್ನುವುದು ಸಹಜ. ಒಂದೊಂದು ರಾಜ್ಯ ಒಂದೊಂದು ದಿಕ್ಕಿಗೆ ಹೋಗುತ್ತಿದೆ. ಮಿಸ್ಸಿಸಿಪ್ಪಿ 2025ರ ಮಾರ್ಚ್‌ನಲ್ಲಿ ತನ್ನ ಆದಾಯ ತೆರಿಗೆಯನ್ನು ಹಂತ ಹಂತವಾಗಿ ಸೊನ್ನೆಗೆ ಇಳಿಸುವ ಕಾನೂನು ಮಾಡಿತು. ಪಕ್ಕದ ಲೂಸಿಯಾನ ಅದೇ ವರ್ಷದ ಜನವರಿಯಿಂದ ಆದಾಯ ತೆರಿಗೆಯನ್ನು ಎಲ್ಲರಿಗೂ ಒಂದೇ ಶೇ 3ಕ್ಕೆ ತಂದು, ಆ ನಷ್ಟ ತುಂಬಿಕೊಳ್ಳಲು ರಾಜ್ಯದ ಮಾರಾಟ ತೆರಿಗೆಯನ್ನು ಶೇ 4.45ರಿಂದ 5ಕ್ಕೆ ಏರಿಸಿತು. ಫ್ಲೋರಿಡಾದಲ್ಲಿ ಆದಾಯ ತೆರಿಗೆ ಮೊದಲಿಂದಲೂ ಇಲ್ಲ. ಅಲ್ಲಿಯ ಗವರ್ನರ್ ರಾನ್ ಡಿಸ್ಯಾಂಟಿಸ್ 2025ರಿಂದ ವಾಸದ ಮನೆಗಳ ಆಸ್ತಿ ತೆರಿಗೆಯನ್ನೂ ತೆಗೆಯಬೇಕು ಅನ್ನುತ್ತಾ ಬಂದಿದ್ದಾರೆ. ಇನ್ನೊಂದು ಕಡೆ, ಆದಾಯ ತೆರಿಗೆ ಇಲ್ಲದ ವಾಷಿಂಗ್ಟನ್ ರಾಜ್ಯ ಶೇರು ಮಾರಿ ಬಂದ ದೊಡ್ಡ ಲಾಭದ ಮೇಲೆ 2022ರಿಂದ ಹೊಸ ತೆರಿಗೆ ಹಾಕಿದೆ.

ಒಬ್ಬರು ಆದಾಯ ತೆರಿಗೆ ಬೇಡ ಅಂತಾರೆ, ಇನ್ನೊಬ್ಬರು ಮನೆ ತೆರಿಗೆ ಬೇಡ ಅಂತಾರೆ. ಹಾಗಾದರೆ ಶಾಲೆ, ರಸ್ತೆ, ಪೊಲೀಸು, ಅಗ್ನಿಶಾಮಕ ದಳ, ಇದಕ್ಕೆಲ್ಲ ದುಡ್ಡು ಎಲ್ಲಿಂದ ಬರುತ್ತದೆ?

ಕ್ಯಾಲಿಫೋರ್ನಿಯಾದ ಬೇ ಏರಿಯಾದಿಂದ ಟೆಕ್ಸಸ್‌ನ ಡಲ್ಲಾಸ್, ಆಸ್ಟಿನ್ ಕಡೆ ಹೊರಟ ಕನ್ನಡದ ಕುಟುಂಬಗಳಿಗೂ ಈ ಪ್ರಶ್ನೆ ದೂರದ್ದಲ್ಲ. "ಅಲ್ಲಿ ಸ್ಟೇಟ್ ಟ್ಯಾಕ್ಸ್ ಇಲ್ವಂತೆ" ಅನ್ನುವ ಮಾತು ಎಲ್ಲರ ಬಾಯಲ್ಲೂ ಬರುತ್ತದೆ. ಮಾತು ಸುಳ್ಳಲ್ಲ. ಆದರೆ ಅರ್ಧ ಮಾತ್ರ ನಿಜ.

ದುಡ್ಡು ಎಲ್ಲಿ ಹಿಡಿಯುತ್ತಾರೆ

ಮೊದಲು ವ್ಯವಸ್ಥೆ ಹೇಗಿದೆ ಅಂತ ನೋಡೋಣ. ನಮ್ಮ ಕಡೆ ಆದಾಯ ತೆರಿಗೆ ಅಂದರೆ ಅದು ಕೇಂದ್ರದ್ದು. ಕೃಷಿ ಆದಾಯ ಬಿಟ್ಟರೆ ರಾಜ್ಯಗಳಿಗೆ ಆ ಅಧಿಕಾರವೇ ಇಲ್ಲ. ಕರ್ನಾಟಕ ಸರ್ಕಾರ ಸಂಬಳದಿಂದ ಹಿಡಿಯುವುದು ವೃತ್ತಿ ತೆರಿಗೆ ಮಾತ್ರ, ಅದಕ್ಕೂ ಸಂವಿಧಾನ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ. ಅಮೆರಿಕದಲ್ಲಿ ಹಾಗಲ್ಲ. ಫೆಡರಲ್ ಸರ್ಕಾರ ತನ್ನ ಪಾಲಿನ ಆದಾಯ ತೆರಿಗೆ ತಗೊಂಡ ಮೇಲೆ ರಾಜ್ಯವೂ ಅದೇ ಸಂಬಳದ ಮೇಲೆ ಇನ್ನೊಂದು ಸಲ ಕೈ ಇಡಬಹುದು. 41 ರಾಜ್ಯಗಳು ಹಾಗೆ ಮಾಡುತ್ತವೆ. ಟೆಕ್ಸಸ್, ಫ್ಲೋರಿಡಾ, ನೆವಾಡಾ, ಟೆನೆಸಿ, ವಾಷಿಂಗ್ಟನ್, ವಯೋಮಿಂಗ್, ಸೌತ್ ಡಕೋಟಾ, ಅಲಾಸ್ಕ, ನ್ಯೂ ಹ್ಯಾಂಪ್‌ಶೈರ್, ಈ ಒಂಬತ್ತು ಮಾಡುವುದಿಲ್ಲ.

ಮಾರಾಟ ತೆರಿಗೆ 45 ರಾಜ್ಯಗಳಲ್ಲಿದೆ. ರಾಜ್ಯದ ದರದ ಮೇಲೆ ಕೌಂಟಿ (ನಮ್ಮ ಜಿಲ್ಲೆಯಂಥದ್ದು), ನಗರ ತಮ್ಮದನ್ನೂ ಸೇರಿಸುತ್ತವೆ. ಟೆಕ್ಸಸ್‌ನಲ್ಲಿ ರಾಜ್ಯದ್ದು ಶೇ 6.25, ಸ್ಥಳೀಯರದ್ದು ಶೇ 2ರವರೆಗೆ, ಒಟ್ಟು 8.25. ಊರಿಂದ ಹೊಸದಾಗಿ ಹೋದವರಿಗೆ ಇದು ಗೊತ್ತಾಗುವುದು ಬಿಲ್ ಕೌಂಟರ್‌ನಲ್ಲಿ. ನಮ್ಮಲ್ಲಿ ಪೊಟ್ಟಣದ ಮೇಲಿನ ಎಂಆರ್‌ಪಿಯಲ್ಲೇ ತೆರಿಗೆ ಸೇರಿರುತ್ತದೆ. ಅಲ್ಲಿ ಚೀಟಿಯ ಬೆಲೆ ಒಂದು, ಕೊಡುವ ದುಡ್ಡು ಇನ್ನೊಂದು.

ಮೂರನೆಯದು ಆಸ್ತಿ ತೆರಿಗೆ, ನಮ್ಮ ಮಾತಿನಲ್ಲಿ ಮನೆ ಕಂದಾಯ. ಇದು 50 ರಾಜ್ಯಗಳಲ್ಲೂ ಇದೆ. ಹೆಚ್ಚಿನ ಪಾಲು ಹೋಗುವುದು ರಾಜ್ಯಕ್ಕಲ್ಲ, ಸ್ಥಳೀಯ ಶಾಲೆ, ಕೌಂಟಿ, ನಗರಕ್ಕೆ. ಬೆಂಗಳೂರಿನ ಕಂದಾಯ ನೋಡಿ ಅಭ್ಯಾಸ ಇದ್ದವರು ಇದನ್ನು ಸಣ್ಣ ಮೊತ್ತ ಅಂದುಕೊಂಡರೆ ತಪ್ಪಾಗುತ್ತದೆ. ಅಲ್ಲಿ ಮನೆಯ ಪೇಟೆ ಬೆಲೆಯ ಮೇಲೇ ಲೆಕ್ಕ. ಬೆಲೆಯ ಶೇ 1ರಿಂದ 2ರಷ್ಟು ಪ್ರತಿವರ್ಷ ಕಟ್ಟಬೇಕಾಗುವ ಊರುಗಳು ಬೇಕಾದಷ್ಟಿವೆ. ನ್ಯೂಜೆರ್ಸಿಯಲ್ಲಿ ಮನೆಯೊಂದರ ಸರಾಸರಿ ಬಿಲ್ ವರ್ಷಕ್ಕೆ 10,000 ಡಾಲರ್ ದಾಟಿದೆ.

ಅಂದರೆ ಸರ್ಕಾರ ನಮ್ಮನ್ನು ಹಿಡಿಯುವುದು ಮೂರು ಜಾಗದಲ್ಲಿ: ದುಡಿಯುವಾಗ, ಖರ್ಚು ಮಾಡುವಾಗ, ಮನೆ ಇಟ್ಟುಕೊಂಡಿರುವಾಗ. ಒಂದು ಜಾಗ ಬಿಟ್ಟುಕೊಟ್ಟರೆ ಉಳಿದ ಎರಡರಲ್ಲಿ ಹಿಡಿತ ಬಿಗಿಯಾಗುತ್ತದೆ, ಇಲ್ಲವೇ ಖರ್ಚು ಇಳಿಯಬೇಕು. ಎಣ್ಣೆ ಬಾವಿ ಇದ್ದರೆ ಮಾತು ಬೇರೆ. ಅಲಾಸ್ಕ 1980ರಲ್ಲಿ ಆದಾಯ ತೆರಿಗೆ ಕಿತ್ತುಹಾಕಿತು, ಯಾಕೆಂದರೆ ಪ್ರೂಡೋ ಬೇಯ ಎಣ್ಣೆಯಿಂದ ಖಜಾನೆ ತುಂಬಿತ್ತು. ಮಿಸ್ಸಿಸಿಪ್ಪಿಗೆ ಅಂಥ ಬಾವಿ ಇಲ್ಲ.

ಒಂದು ಚುಕ್ಕಿ ಮಾಡಿದ ಕೆಲಸ

ಮಿಸ್ಸಿಸಿಪ್ಪಿಯ ಕಾನೂನನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಈ ಕಾಲದ ತೆರಿಗೆ ಕಡಿತಗಳು ಹೇಗೆ ಕೆಲಸ ಮಾಡುತ್ತವೆ ಅಂತ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ದರ 2026ಕ್ಕೆ ಶೇ 4, ಆಮೇಲೆ ವರ್ಷಕ್ಕೆ ಕಾಲು ಶೇಕಡಾದಂತೆ ಇಳಿದು 2030ಕ್ಕೆ ಶೇ 3. ಅಲ್ಲಿಂದ ಮುಂದೆ ತಾರೀಕು ಇಲ್ಲ, ಷರತ್ತು ಇದೆ. ರಾಜ್ಯದ ಆದಾಯ ಖರ್ಚಿಗಿಂತ ಇಷ್ಟು ಜಾಸ್ತಿ ಬಂದರೆ ಮಾತ್ರ ದರ ಇನ್ನಷ್ಟು ಇಳಿಯಬೇಕು ಅನ್ನುವುದು ಆ ಷರತ್ತು.

ರಾಜ್ಯದ ಮೇಲ್ಮನೆಯಾದ ಸೆನೆಟ್‌ನವರು ನಿಧಾನಕ್ಕೆ ಹೋಗೋಣ ಅನ್ನುವ ಕಡೆಯವರು. ದರವನ್ನು ಒಂದು ಶೇಕಡಾ ಇಳಿಸಲು ಎಷ್ಟು ಖರ್ಚಾಗುತ್ತದೋ, ಅದರ ಶೇ 85ರಷ್ಟಾದರೂ ಮಿಗತೆ ಇರಬೇಕು ಅನ್ನುವುದು ಅವರ ಲೆಕ್ಕ. ಆದರೆ ಮಸೂದೆ ಬರೆಯುವಾಗ 85ರ ಹಿಂದೆ ಒಂದು ಚುಕ್ಕಿ ಬಿತ್ತು. ಅದು ಶೇ .85 ಆಯಿತು. ಒಂದು ಶೇಕಡಾ ಇಳಿಸಲು 40 ಕೋಟಿ ಡಾಲರ್ ಬೇಕು ಅಂದುಕೊಳ್ಳಿ. ಅವರ ಮನಸ್ಸಿನಲ್ಲಿ ಇದ್ದದ್ದು 34 ಕೋಟಿಯ ಮಿಗತೆ. ಕಾನೂನಿನಲ್ಲಿ ಬಂದದ್ದು 34 ಲಕ್ಷದ ಮಿಗತೆ. ರಾಜ್ಯವೊಂದರ ಬಜೆಟ್‌ನಲ್ಲಿ 34 ಲಕ್ಷ ಡಾಲರ್ ಅಂದರೆ ಏನೂ ಅಲ್ಲ. ಬೇಗ ತೆಗೆಯಬೇಕು ಅನ್ನುತ್ತಿದ್ದ ಕೆಳಮನೆ ಇದನ್ನು ಇದ್ದ ಹಾಗೇ ಒಪ್ಪಿತು, ಗವರ್ನರ್ ಟೇಟ್ ರೀವ್ಸ್ ಸಹಿ ಹಾಕಿದರು.

ಹೀಗೆ ಗಟ್ಟಿ ಬೀಗ ಇರಬೇಕಿದ್ದ ಕಡೆ ದಾರ ಕಟ್ಟಿದಂತಾಯಿತು. ಮುಂದಿನ ಶಾಸನಸಭೆ ಇದನ್ನು ತಿದ್ದಬಹುದು. ತಿದ್ದದೇ ಹೋದರೆ, ಸಾಧಾರಣ ವರ್ಷದಲ್ಲೂ ಕಡಿತ ನಡೆಯುತ್ತಾ ಹೋಗುತ್ತದೆ. ರಾಜ್ಯದ ಸಾಮಾನ್ಯ ನಿಧಿಗೆ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಬರುವುದು ಈ ತೆರಿಗೆಯಿಂದಲೇ.

ಅದೇ ಕಾನೂನಿನಲ್ಲಿ ಇನ್ನೆರಡು ಅಂಶ ಇದ್ದವು. ದಿನಸಿ ಮೇಲಿನ ತೆರಿಗೆ 2025ರ ಜುಲೈಯಿಂದ ಶೇ 7ರಿಂದ 5ಕ್ಕೆ ಇಳಿಯಿತು. ಪೆಟ್ರೋಲ್ ತೆರಿಗೆ ಮೂರು ವರ್ಷದಲ್ಲಿ ಗ್ಯಾಲನ್‌ಗೆ 9 ಸೆಂಟ್ ಏರುತ್ತದೆ. ಮೊದಲನೆಯದು ಒಳ್ಳೆಯ ಕೆಲಸ, ಅದನ್ನು ಒಪ್ಪಬೇಕು. 200 ಡಾಲರ್‌ಗೆ ಅಕ್ಕಿ, ಬೇಳೆ, ತರಕಾರಿ ತಂದರೆ ಮೊದಲು 14 ಡಾಲರ್ ತೆರಿಗೆ ಬೀಳುತ್ತಿತ್ತು, ಈಗ 10. ದೇಶದ ಅತಿ ಬಡ ರಾಜ್ಯಗಳಲ್ಲಿ ಒಂದು ಅದು, ಅಲ್ಲಿ ನಾಲ್ಕು ಡಾಲರ್‌ಗೂ ಬೆಲೆ ಇದೆ.

ಆದಾಯ ತೆರಿಗೆ ಬೇಡ ಅನ್ನುವವರ ವಾದ

ಇವರ ವಾದವನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಆದಾಯ ತೆರಿಗೆ ದುಡಿಮೆಯ ಮೇಲಿನ ದಂಡ ಇದ್ದ ಹಾಗೆ ಅಂತ ಅವರು ಹೇಳುತ್ತಾರೆ. ಹೆಚ್ಚು ದುಡಿದಷ್ಟೂ ಹೆಚ್ಚು ಕೊಡಬೇಕು. ಜನ, ಕಂಪನಿ ಎರಡೂ ಗಡಿ ದಾಟಿ ಹೋಗಬಹುದು, ವೀಸಾ ಬೇಕಿಲ್ಲ. ಟೆಕ್ಸಸ್, ಫ್ಲೋರಿಡಾ ಬೆಳೆಯುತ್ತಿರುವಾಗ ಪಕ್ಕದ ರಾಜ್ಯಗಳು ಕೈಕಟ್ಟಿ ಕೂರಬೇಕೇ ಅನ್ನುವುದು ಅವರ ಪ್ರಶ್ನೆ. ಮಾರಾಟ ತೆರಿಗೆಯನ್ನು ಹೊರಗಿನವರೂ ಕಟ್ಟುತ್ತಾರೆ ಅನ್ನುವುದು ಇನ್ನೊಂದು ಮಾತು. ಓರ್ಲ್ಯಾಂಡೋಗೆ, ಲಾಸ್ ವೇಗಾಸ್‌ಗೆ ಬರುವ ಪ್ರವಾಸಿ ಅಲ್ಲಿ ಉಂಡು, ಉಳಿದು, ಕೊಂಡು ಹೋಗುವಾಗ ಆ ರಾಜ್ಯದ ಖಜಾನೆಗೆ ದುಡ್ಡು ಹಾಕಿಯೇ ಹೋಗುತ್ತಾನೆ.

ಇದಕ್ಕೆ ಬಲ ಕೊಡುವ ಉದಾಹರಣೆಯೂ ಇದೆ. ನಾರ್ತ್ ಕೆರೊಲೈನಾ 2013ರಲ್ಲಿ ಶೇ 7.75ರವರೆಗೆ ಇದ್ದ ಆದಾಯ ತೆರಿಗೆಯನ್ನು ಒಂದೇ ದರಕ್ಕೆ ತಂದು, ವರ್ಷಗಳ ಕಾಲ ನಿಧಾನವಾಗಿ ಇಳಿಸುತ್ತಾ 2026ಕ್ಕೆ ಶೇ 3.99ಕ್ಕೆ ಬಂದಿದೆ. ಜೊತೆಗೆ ಮೊದಲು ಮಾರಾಟ ತೆರಿಗೆ ಇಲ್ಲದ ಎಷ್ಟೋ ಸೇವೆಗಳನ್ನು ಅದರೊಳಗೆ ತಂದಿತು. ಖಜಾನೆ ಮುಳುಗಲಿಲ್ಲ, ಜನ ಬರುವುದೂ ನಿಲ್ಲಲಿಲ್ಲ. ಶಾಲೆಗಳಿಗೆ ಸಾಕಷ್ಟು ಸಿಗುತ್ತಿಲ್ಲ ಅನ್ನುವ ಜಗಳ ಅಲ್ಲಿ ಇದ್ದೇ ಇದೆ, ಆದರೆ ದಿವಾಳಿ ಅಂತ ಯಾರೂ ಹೇಳಲಾರರು.

ಕಾನ್ಸಾಸ್‌ನಲ್ಲಿ ಏನಾಯಿತು

ಇದಕ್ಕೆ ತದ್ವಿರುದ್ಧ ಕಾನ್ಸಾಸ್. 2012ರಲ್ಲಿ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ಮೇಲಿನ ದರವನ್ನು ಶೇ 6.45ರಿಂದ 4.9ಕ್ಕೆ ಒಂದೇ ಏಟಿಗೆ ಇಳಿಸಿದರು. ಅದರ ಜೊತೆ, ಎಲ್‌ಎಲ್‌ಸಿಯಂಥ ಸಣ್ಣ ವ್ಯವಹಾರಗಳ ಮಾಲೀಕರ ವ್ಯಾಪಾರದ ಲಾಭಕ್ಕೆ ರಾಜ್ಯದ ಆದಾಯ ತೆರಿಗೆಯೇ ಇಲ್ಲ ಅಂತ ಮಾಡಿದರು. ಹೊಸ ಕೆಲಸಗಳು ಹುಟ್ಟಿ, ಬೆಳವಣಿಗೆಯಿಂದಲೇ ನಷ್ಟ ತುಂಬುತ್ತದೆ ಅನ್ನುವುದು ಅವರ ನಂಬಿಕೆ.

ಆದದ್ದು ಬೇರೆ. ಸಂಬಳ ತಗೊಳ್ಳುವವನು ತೆರಿಗೆ ಕಟ್ಟಬೇಕು, ಅದೇ ಕೆಲಸವನ್ನು ಕಂಪನಿಯ ಹೆಸರಲ್ಲಿ ಮಾಡಿದರೆ ಕಟ್ಟಬೇಕಿಲ್ಲ ಅಂದರೆ ಜನ ಏನು ಮಾಡುತ್ತಾರೆ? ಕಂಪನಿಯ ಹೆಸರಿಗೆ ಬದಲಾಯಿಸಿಕೊಳ್ಳುತ್ತಾರೆ. ಹೊಸ ಕೆಲಸ ಹುಟ್ಟಲಿಲ್ಲ, ಹಳೆಯ ಕೆಲಸದ ಹೆಸರು ಬದಲಾಯಿತು. ಮೂರು ಲಕ್ಷಕ್ಕೂ ಹೆಚ್ಚು ವ್ಯವಹಾರಗಳು ಈ ವಿನಾಯಿತಿ ಬಳಸಿಕೊಂಡವು. ರಸ್ತೆಗೆ ಇಟ್ಟ ಹಣ ಬೇರೆ ಕಡೆ ಹೋಯಿತು, ರಾಜ್ಯದ ಸಾಲದ ರೇಟಿಂಗ್ ಇಳಿಯಿತು, 2015ರಲ್ಲಿ ಕೆಲವು ಶಾಲಾ ಜಿಲ್ಲೆಗಳು ದುಡ್ಡಿಲ್ಲದೆ ವರ್ಷ ಮುಗಿಯುವ ಮೊದಲೇ ಬಾಗಿಲು ಹಾಕಿದವು. ಅದೇ ವರ್ಷ ಖಜಾನೆಯ ತೂತು ಮುಚ್ಚಲು ಮಾರಾಟ ತೆರಿಗೆಯನ್ನು ಶೇ 6.5ಕ್ಕೆ ಏರಿಸಿದರು. ಅದು ಹಾಲು, ಬ್ರೆಡ್ಡಿಗೂ ಬೀಳುತ್ತಿತ್ತು. ಲಾಭ ಸಿಕ್ಕಿದ್ದು ವ್ಯವಹಾರದ ಮಾಲೀಕನಿಗೆ, ಬಿಲ್ ಹೋಗಿದ್ದು ಅಂಗಡಿ ಸಾಲಿನಲ್ಲಿ ನಿಂತವರಿಗೆ.

2017ರ ಜೂನ್‌ನಲ್ಲಿ ಬ್ರೌನ್‌ಬ್ಯಾಕ್ ಅವರದೇ ರಿಪಬ್ಲಿಕನ್ ಪಕ್ಷ ಬಹುಮತದಲ್ಲಿದ್ದ ಶಾಸನಸಭೆ, ಅವರ ವೀಟೋವನ್ನು ಮುರಿದು ಹೆಚ್ಚಿನ ಕಡಿತಗಳನ್ನು ವಾಪಸ್ ತೆಗೆದುಕೊಂಡಿತು. ದಿನಸಿ ಮೇಲಿನ ರಾಜ್ಯ ತೆರಿಗೆ ಪೂರ್ತಿ ಹೋಗಲು 2025ರ ಜನವರಿವರೆಗೆ ಕಾಯಬೇಕಾಯಿತು.

ನಾರ್ತ್ ಕೆರೊಲೈನಾಕ್ಕೂ ಕಾನ್ಸಾಸ್‌ಗೂ ಇರುವ ವ್ಯತ್ಯಾಸ ಇಷ್ಟೇ: ಒಂದು ನಿಧಾನಕ್ಕೆ ಇಳಿಸಿ ಬೇರೆ ಆದಾಯ ಮೊದಲೇ ಹುಡುಕಿಕೊಂಡಿತು, ಇನ್ನೊಂದು ಮೊದಲು ಇಳಿಸಿ ಆಮೇಲೆ ಹುಡುಕಿತು. ಮಿಸ್ಸಿಸಿಪ್ಪಿಯ ಷರತ್ತು ಗಟ್ಟಿಯಾಗಿದ್ದರೆ ಅದು ಮೊದಲನೆಯ ದಾರಿ ಹಿಡಿಯುತ್ತಿತ್ತು. ಆ ಚುಕ್ಕಿಯಿಂದಾಗಿ ಎರಡನೆಯ ದಾರಿಗೆ ಹೋಗುವ ಭಯ ಇದೆ.

ಸೇಲ್ಸ್ ಟ್ಯಾಕ್ಸ್ ಯಾರಿಗೆ ಭಾರ

ಮಾರಾಟ ತೆರಿಗೆಯ ದರ ಎಲ್ಲರಿಗೂ ಒಂದೇ. ಹಾಗಾಗಿ ಅದು ನ್ಯಾಯವಾಗಿ ಕಾಣುತ್ತದೆ. ಆದರೆ ತಿಂಗಳಿಗೆ 3,000 ಡಾಲರ್ ದುಡಿಯುವವರ ಕೈಯಲ್ಲಿ ತಿಂಗಳ ಕೊನೆಗೆ ಏನೂ ಉಳಿಯುವುದಿಲ್ಲ, ಬಂದದ್ದೆಲ್ಲ ಖರ್ಚು. 30,000 ದುಡಿಯುವವರು ಅರ್ಧ ಖರ್ಚು ಮಾಡಿ ಅರ್ಧ ಶೇರಿಗೋ ಮನೆಗೋ ಹಾಕಬಹುದು. ಖರ್ಚಿನ ಮೇಲೆ ತೆರಿಗೆ ಅಂದರೆ ಮೊದಲನೆಯವರ ದುಡಿಮೆಯ ಹೆಚ್ಚು ಪಾಲು ಅದರ ಬಲೆಗೆ ಬೀಳುತ್ತದೆ, ಎರಡನೆಯವರದ್ದು ಅರ್ಧ ತಪ್ಪಿಸಿಕೊಳ್ಳುತ್ತದೆ.

ಐಟಿಇಪಿ ಅನ್ನುವ ವಾಷಿಂಗ್ಟನ್ ಡಿಸಿಯ ಅಧ್ಯಯನ ಸಂಸ್ಥೆ ಇದನ್ನು ರಾಜ್ಯವಾರು ಲೆಕ್ಕ ಹಾಕುತ್ತದೆ. 2024ರ ಜನವರಿಯ ಅದರ ಪಟ್ಟಿಯಲ್ಲಿ ಬಡವರ ಮೇಲೆ ಅತಿ ಹೆಚ್ಚು ಭಾರ ಹಾಕುವ ರಾಜ್ಯ ಫ್ಲೋರಿಡಾ. ಅದಕ್ಕೂ ಹಿಂದಿನ ಪಟ್ಟಿಯಲ್ಲಿ ಮೊದಲ ಸ್ಥಾನ ವಾಷಿಂಗ್ಟನ್ ರಾಜ್ಯದ್ದಾಗಿತ್ತು. ಶೇರು ಲಾಭದ ಮೇಲಿನ ತೆರಿಗೆ ಬಂದ ಮೇಲೆ ಅದು ಎರಡನೆಯದಕ್ಕೆ ಇಳಿಯಿತು. ಈ ಸಂಸ್ಥೆ ಎಡಕ್ಕೆ ವಾಲಿದ್ದು, ಅದರ ಲೆಕ್ಕದ ರೀತಿಯನ್ನು ಟ್ಯಾಕ್ಸ್ ಫೌಂಡೇಶನ್‌ನಂಥ, ಕಡಿಮೆ ತೆರಿಗೆಯ ಕಡೆ ವಾಲಿದ ಸಂಸ್ಥೆಗಳು ಒಪ್ಪುವುದಿಲ್ಲ. ಎಷ್ಟು ಅನ್ನುವುದರ ಬಗ್ಗೆ ಜಗಳ ಇರಬಹುದು. ಯಾವ ಕಡೆಗೆ ಅನ್ನುವುದರ ಬಗ್ಗೆ ಹೆಚ್ಚು ಜಗಳ ಇಲ್ಲ.

ಅದಕ್ಕೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಯಾವುದಕ್ಕೆ ವಿನಾಯಿತಿ ಇದೆ ಅನ್ನುವುದು. ಟೆಕ್ಸಸ್‌ನಲ್ಲಿ ದಿನಸಿಗೆ ತೆರಿಗೆ ಇಲ್ಲ. ಸೋನಾ ಮಸೂರಿ ಚೀಲ ತಂದರೆ ಸೊನ್ನೆ, ಹೋಟೆಲಿನಲ್ಲಿ ಕೂತು ಮಸಾಲೆ ದೋಸೆ ತಿಂದರೆ 8.25. ಇದು ತಕ್ಕಮಟ್ಟಿಗೆ ನ್ಯಾಯ. ಟೆನೆಸಿಯಲ್ಲಿ ಆ ಅಕ್ಕಿ ಚೀಲಕ್ಕೂ ರಾಜ್ಯದ ಶೇ 4 ಇದೆ, ಸ್ಥಳೀಯ ತೆರಿಗೆ ಅದರ ಮೇಲೆ. ಎರಡೂ "ಆದಾಯ ತೆರಿಗೆ ಇಲ್ಲದ ರಾಜ್ಯ" ಅನ್ನುವ ಒಂದೇ ಪಟ್ಟಿಯಲ್ಲಿ ಬರುತ್ತವೆ, ಆದರೆ ಅಡುಗೆಮನೆಯಲ್ಲಿ ಎರಡೂ ಒಂದೇ ಅಲ್ಲ.

ಆನ್‌ಲೈನ್‌ನಲ್ಲಿ ತರಿಸಿಕೊಂಡರೆ ತಪ್ಪುತ್ತದೆ ಅನ್ನುವ ಕಾಲವೂ ಮುಗಿಯಿತು. 2018ರಲ್ಲಿ ಸುಪ್ರೀಂ ಕೋರ್ಟ್ ಸೌತ್ ಡಕೋಟಾ ರಾಜ್ಯ ಮತ್ತು ವೇಫೇರ್ ಅನ್ನುವ ಆನ್‌ಲೈನ್ ಅಂಗಡಿಯ ನಡುವಿನ ಮೊಕದ್ದಮೆಯಲ್ಲಿ, ರಾಜ್ಯದಲ್ಲಿ ಅಂಗಡಿ ಇಲ್ಲದ ಮಾರಾಟಗಾರರಿಂದಲೂ ಈ ತೆರಿಗೆ ವಸೂಲಿ ಮಾಡಬಹುದು ಅಂದಿತು. ಮಾರಾಟ ತೆರಿಗೆ ನೆಚ್ಚಿಕೊಂಡ ರಾಜ್ಯಗಳಿಗೆ ಆ ತೀರ್ಪಿನಿಂದ ಉಸಿರು ಬಂತು.

ಮನೆ ಕಂದಾಯದ ಮೇಲೆ ಇಷ್ಟು ಸಿಟ್ಟು ಯಾಕೆ

ಮೂರರಲ್ಲಿ ಜನ ಅತಿ ಹೆಚ್ಚು ಬೈಯುವುದು ಆಸ್ತಿ ತೆರಿಗೆಯನ್ನು. ಅರ್ಥಶಾಸ್ತ್ರ ಓದಿದವರಲ್ಲಿ ತುಂಬ ಜನ ಇದನ್ನೇ ವಾಸಿ ಅನ್ನುತ್ತಾರೆ. ಜಾಗವನ್ನು ಎತ್ತಿಕೊಂಡು ಬೇರೆ ರಾಜ್ಯಕ್ಕೆ ಓಡಲು ಆಗುವುದಿಲ್ಲ. ವರ್ಷ ವರ್ಷ ಎಷ್ಟು ಬರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಕಟ್ಟಿದ ದುಡ್ಡು ಅದೇ ಊರಿನ ಶಾಲೆಗೆ ಹೋಗುತ್ತದೆ.

ಹಾಗಾದರೆ ಸಿಟ್ಟು ಯಾಕೆ? ಆದಾಯ ತೆರಿಗೆ ಸಂಬಳ ಕೈಗೆ ಬರುವ ಮೊದಲೇ ಕಡಿತವಾಗಿರುತ್ತದೆ, ಮಾರಾಟ ತೆರಿಗೆ ಚಿಲ್ಲರೆ ಚಿಲ್ಲರೆಯಾಗಿ ಹೋಗುತ್ತದೆ. ಆಸ್ತಿ ತೆರಿಗೆ ಮಾತ್ರ ಒಂದೇ ಕಾಗದದಲ್ಲಿ ದೊಡ್ಡ ಅಂಕಿಯಾಗಿ ಕಣ್ಣಿಗೆ ಹೊಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದು ಕೈಗೆ ಬರದ ಲಾಭದ ಮೇಲೆ ಬೀಳುತ್ತದೆ. ಮನೆ ಬೆಲೆ ಏರಿದರೆ ಮನೆಯವರ ಕೈಗೆ ಒಂದು ಡಾಲರೂ ಬರುವುದಿಲ್ಲ. ಮಾರಿದರೆ ತಾನೇ ದುಡ್ಡು. ತೆರಿಗೆ ಮಾತ್ರ ಈಗಲೇ ಏರುತ್ತದೆ. ಪಿಂಚಣಿಯಲ್ಲಿ ಬದುಕುವ ವಯಸ್ಸಾದವರಿಗೆ ಇದು ಸಣ್ಣ ಕಷ್ಟವಲ್ಲ.

ಕಟ್ಟದಿದ್ದರೆ ಮನೆಯೇ ಹೋಗಬಹುದು. ಮಿನೆಸೋಟಾದ ಹೆನೆಪಿನ್ ಕೌಂಟಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು ತೆರಿಗೆ, ದಂಡ, ಬಡ್ಡಿ ಎಲ್ಲ ಸೇರಿ 15,000 ಡಾಲರ್ ಬಾಕಿ ಉಳಿಸಿಕೊಂಡಿದ್ದರು. ಕೌಂಟಿ ಅವರ ಸಣ್ಣ ಮನೆಯನ್ನು 40,000 ಡಾಲರ್‌ಗೆ ಮಾರಿ, ಮಿಕ್ಕ 25,000ವನ್ನೂ ತಾನೇ ಇಟ್ಟುಕೊಂಡಿತು. 2023ರ ಮೇನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅದು ತಪ್ಪು ಅಂದಿತು. ಬಾಕಿಯಷ್ಟು ಮಾತ್ರ ಸರ್ಕಾರದ್ದು, ಮಿಕ್ಕದ್ದು ಮನೆಯವರದ್ದು. ಆಗ ಆ ಹೆಂಗಸಿಗೆ 94 ವರ್ಷ.

ಸಿಟ್ಟು ಕಾನೂನಾದರೆ ಏನಾಗುತ್ತದೆ ಅನ್ನುವುದಕ್ಕೆ ಕ್ಯಾಲಿಫೋರ್ನಿಯಾ ಇದೆ. 1978ರ ಜೂನ್‌ನಲ್ಲಿ ಅಲ್ಲಿಯ ಜನ ಪ್ರೊಪೊಸಿಷನ್ 13ಕ್ಕೆ ಮತ ಹಾಕಿದರು. ಮೂಲ ತೆರಿಗೆ ಬೆಲೆಯ ಶೇ 1ಕ್ಕಿಂತ ಹೆಚ್ಚಿರಬಾರದು, ಮನೆ ಕೈ ಬದಲಾಗುವವರೆಗೆ ತೆರಿಗೆ ಲೆಕ್ಕದ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಬಾರದು. ಇದರ ಫಲ ನೋಡಿ. ಒಂದೇ ಬೀದಿಯಲ್ಲಿ ಎರಡು ಒಂದೇ ಥರದ ಮನೆ. ಒಬ್ಬರು 1996ರಲ್ಲಿ 3 ಲಕ್ಷಕ್ಕೆ ಕೊಂಡವರು, ಮೂವತ್ತು ವರ್ಷ ಶೇ 2ರಂತೆ ಏರಿದರೂ ಅವರ ಲೆಕ್ಕದ ಬೆಲೆ ಸುಮಾರು 5.4 ಲಕ್ಷ. ಸ್ಥಳೀಯ ಸೇರ್ಪಡೆ ಎಲ್ಲ ಸೇರಿ ಶೇ 1.2 ಅಂದರೂ ತೆರಿಗೆ 6,500 ಡಾಲರ್. ಪಕ್ಕದ ಮನೆಯನ್ನು ಈಗ 15 ಲಕ್ಷಕ್ಕೆ ಕೊಂಡವರಿಗೆ 18,000. ಅದೇ ರಸ್ತೆ, ಅದೇ ಶಾಲೆ, ಅದೇ ಬೀದಿ ದೀಪ. ಮೊದಲೇ ಬಂದವರ ಉಳಿತಾಯವನ್ನು ಕೊನೆಗೆ ಬಂದವರು ತುಂಬುತ್ತಿದ್ದಾರೆ. ಕೊನೆಗೆ ಬಂದವರಲ್ಲಿ ವಲಸೆ ಬಂದವರು, ನಮ್ಮವರೂ ಸೇರಿ, ಕಡಿಮೆ ಇಲ್ಲ. ಆಸ್ತಿ ತೆರಿಗೆ ಬಿಗಿಯಾದ ಮೇಲೆ ಆ ರಾಜ್ಯ ಆದಾಯ ತೆರಿಗೆಯ ಮೇಲೆ ಹೆಚ್ಚು ಹೆಚ್ಚು ನೆಚ್ಚಿಕೊಂಡಿತು. ಇವತ್ತು ಅದರ ಮೇಲಿನ ದರ ಶೇ 13.3, ದೇಶದಲ್ಲೇ ಹೆಚ್ಚು.

ಫ್ಲೋರಿಡಾ ಮನೆ ತೆರಿಗೆ ತೆಗೆದರೆ

ಈಗ ಫ್ಲೋರಿಡಾದ ಪ್ರಸ್ತಾಪಕ್ಕೆ ಬರೋಣ. ತೆಗೆಯಬೇಕು ಅಂತಿರುವುದು ಹೋಮ್‌ಸ್ಟೆಡ್ ಅನ್ನುವ, ಮಾಲೀಕರು ತಾವೇ ವಾಸವಿರುವ ಮನೆಗಳ ತೆರಿಗೆಯನ್ನು. ಸಾಲ ತೀರಿಸಿದ ಮೇಲೂ ಸರ್ಕಾರಕ್ಕೆ ಬಾಡಿಗೆ ಕಟ್ಟುತ್ತಿರಬೇಕಾ ಅನ್ನುವುದು ಅದರ ಹಿಂದಿನ ಕೂಗು. ಆ ಕೂಗು ಮನಸ್ಸಿಗೆ ನಾಟುತ್ತದೆ, ಅಲ್ವಾ? ಸಂವಿಧಾನ ತಿದ್ದುಪಡಿ ಬೇಕು, ಅದಕ್ಕೆ ಅಲ್ಲಿ ಶೇ 60 ಮತ ಬೇಕು.

ಆದರೆ ಆ ರಾಜ್ಯದಲ್ಲಿ ಆದಾಯ ತೆರಿಗೆ ಇಲ್ಲ. ಮನೆ ತೆರಿಗೆಯೂ ಹೋದರೆ ಉಳಿಯುವುದು ಮಾರಾಟ ತೆರಿಗೆ ಮತ್ತು ಉಳಿದ ಆಸ್ತಿಗಳು, ಅಂದರೆ ಬಾಡಿಗೆ ಮನೆ, ಅಂಗಡಿ, ಆಫೀಸು, ಎರಡನೇ ಮನೆ. ಬಾಡಿಗೆ ಮನೆಯ ತೆರಿಗೆ ಏರಿದರೆ ಮಾಲೀಕ ಅದನ್ನು ತನ್ನ ಜೇಬಿನಿಂದ ಎಷ್ಟು ದಿನ ಕಟ್ಟುತ್ತಾನೆ? ಮುಂದಿನ ಕರಾರಿನಲ್ಲಿ ಬಾಡಿಗೆ ಏರುತ್ತದೆ. ಸ್ವಂತ ಮನೆ ಇರುವವರ ಭಾರ ಮನೆ ಇಲ್ಲದವರ ಕಡೆ ಸರಿಯುತ್ತದೆ.

ನಮ್ಮವರಿಗೆ ಇಲ್ಲಿ ಇನ್ನೊಂದು ಪೇಚಿದೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಫ್ಲೋರಿಡಾದಲ್ಲಿ ಮನೆ ಕೊಂಡು ಅದರಲ್ಲೇ ವಾಸ ಮಾಡಿದರೂ ಸಾಮಾನ್ಯವಾಗಿ ಹೋಮ್‌ಸ್ಟೆಡ್ ಸಿಗುವುದಿಲ್ಲ. ಆ ರಾಜ್ಯ ಶಾಶ್ವತ ನಿವಾಸ ಕೇಳುತ್ತದೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ಹತ್ತಾರು ವರ್ಷ ಕಾಯುತ್ತಿರುವ ಭಾರತೀಯರು ತೆರಿಗೆ ರದ್ದಾದ ಮನೆಗಳ ಮಧ್ಯೆ ತೆರಿಗೆ ಕಟ್ಟುವ ಮನೆಯಲ್ಲಿ ಇರಬೇಕಾಗುತ್ತದೆ. ನನ್ನ ಪ್ರಕಾರ ಈ ಪ್ರಸ್ತಾಪದ ಅತಿ ದೊಡ್ಡ ಅನ್ಯಾಯ ಇದು. ಯಾರೂ ಬೇಕೆಂದು ಮಾಡಿದ್ದಲ್ಲ, ಆದರೂ ಅನ್ಯಾಯವೇ.

ಪೂರ್ತಿ ತೆಗೆಯುವ ಪ್ರಶ್ನೆ ಜನರ ಮುಂದೆ ಬಂದಾಗ ಏನಾಯಿತು ಅನ್ನುವುದಕ್ಕೂ ಉದಾಹರಣೆ ಇದೆ. 2024ರ ನವೆಂಬರ್‌ನಲ್ಲಿ ನಾರ್ತ್ ಡಕೋಟಾದವರು ಆಸ್ತಿ ತೆರಿಗೆ ರದ್ದು ಮಾಡುವ ಪ್ರಸ್ತಾಪವನ್ನು ದೊಡ್ಡ ಅಂತರದಿಂದ ಸೋಲಿಸಿದರು. ಎಣ್ಣೆ ಇರುವ ರಾಜ್ಯ ಅದು. ಅಲ್ಲಿಯವರೂ, ಆ ದುಡ್ಡು ಬೇರೆ ಎಲ್ಲಿಂದ ಬರುತ್ತದೆ ಅಂತ ಕೇಳಿದರು.

ಕ್ಯಾಲಿಫೋರ್ನಿಯಾ, ಟೆಕ್ಸಸ್: ಲೆಕ್ಕ ಹಾಕಿದರೆ

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ಕ್ಯಾಲಿಫೋರ್ನಿಯಾ ಬಿಟ್ಟು ಟೆಕ್ಸಸ್‌ಗೆ ಹೋದರೆ ಎಷ್ಟು ಉಳಿಯುತ್ತದೆ? ಇದಕ್ಕೆ ಒಂದೇ ಉತ್ತರ ಇಲ್ಲ. ದುಡಿಮೆ ಎಷ್ಟು ಅನ್ನುವುದರ ಮೇಲೆ ಉತ್ತರವೇ ತಿರುಗಿಬಿಡುತ್ತದೆ.

ಮಕ್ಕಳಿಲ್ಲದ ದಂಪತಿ ಅಂದುಕೊಳ್ಳಿ. ಇಬ್ಬರದ್ದೂ ಸೇರಿ ವರ್ಷಕ್ಕೆ 60,000 ಡಾಲರ್ ಬಂದರೆ, ಕ್ಯಾಲಿಫೋರ್ನಿಯಾದ ಆದಾಯ ತೆರಿಗೆ 500 ಡಾಲರ್ ಆಸುಪಾಸು ಅಷ್ಟೇ. ಕೆಳಗಿನ ಹಂತಗಳಲ್ಲಿ ದರ ಶೇ 1, 2. ಒಂದೂವರೆ ಲಕ್ಷ ಬಂದರೆ 6,000 ಹತ್ತಿರ. ಐದು ಲಕ್ಷ ಬಂದರೆ 38,000ದ ಆಸುಪಾಸು. ಸಂಬಳದಿಂದ ಹಿಡಿಯುವ ರಾಜ್ಯದ ವಿಮೆ ಇದರಲ್ಲಿ ಸೇರಿಲ್ಲ.

ಟೆಕ್ಸಸ್‌ನಲ್ಲಿ 4 ಲಕ್ಷದ ಮನೆ. 2025ರ ನವೆಂಬರ್ ಮತದಾನದ ನಂತರ ಶಾಲಾ ತೆರಿಗೆಗೆ ಹೋಮ್‌ಸ್ಟೆಡ್ ವಿನಾಯಿತಿ 1 ಲಕ್ಷದಿಂದ 1.4 ಲಕ್ಷಕ್ಕೆ ಏರಿದೆ. ಹಾಗಾಗಿ ಶಾಲಾ ತೆರಿಗೆ ಬೀಳುವುದು 2.6 ಲಕ್ಷದ ಮೇಲೆ. ಶಾಲೆಗೆ ಶೇ 1.1, ಕೌಂಟಿ, ನಗರ, ಕಾಲೇಜು ಎಲ್ಲ ಸೇರಿ ಶೇ 0.9 ಅಂತ ಇಟ್ಟುಕೊಂಡರೆ 2,860 ಕೂಡಿಸು 3,600, ಒಟ್ಟು 6,460 ಡಾಲರ್. ದರ ಊರಿಂದ ಊರಿಗೆ ಬದಲಾಗುತ್ತದೆ, ಕೆಲವು ಕಡೆ ಇದಕ್ಕಿಂತ ಜಾಸ್ತಿ.

ಈಗ ಎರಡನ್ನೂ ಪಕ್ಕ ಪಕ್ಕ ಇಡಿ. ಐದು ಲಕ್ಷದ ಕುಟುಂಬ ಟೆಕ್ಸಸ್‌ನಲ್ಲಿ ಎಷ್ಟೇ ದೊಡ್ಡ ಮನೆ ಕೊಂಡರೂ ಸಾಮಾನ್ಯವಾಗಿ ಉಳಿತಾಯವೇ. ಒಂದೂವರೆ ಲಕ್ಷದವರಿಗೆ ಆದಾಯ ತೆರಿಗೆಯಲ್ಲಿ ಉಳಿದದ್ದು ಮನೆ ತೆರಿಗೆಯಲ್ಲಿ ಹೋಯಿತು. ಅವರಿಗೆ ನಿಜವಾದ ಲಾಭ ಸಿಗುವುದು ತೆರಿಗೆಯಿಂದಲ್ಲ, ಮನೆಯ ಬೆಲೆಯಿಂದ. ಬೇ ಏರಿಯಾದಲ್ಲಿ 4 ಲಕ್ಷಕ್ಕೆ ಮನೆಯೇ ಸಿಗುವುದಿಲ್ಲ. 60,000ದ ದಂಪತಿಗೆ ತಪ್ಪಿದ್ದು 500 ಡಾಲರ್. ಬಾಡಿಗೆಯೊಳಗೆ ಸೇರಿಕೊಂಡು ಬರುವ ಆಸ್ತಿ ತೆರಿಗೆಯಲ್ಲಿ ಅದಕ್ಕಿಂತ ಜಾಸ್ತಿ ಹೋಗಬಹುದು. ಆದಾಯ ತೆರಿಗೆ ಇಲ್ಲ ಅನ್ನುವ ಮಾತು ಮೇಲಿನವರಿಗೆ ದೊಡ್ಡ ಸತ್ಯ, ಮಧ್ಯದವರಿಗೆ ಸಣ್ಣ ಸತ್ಯ, ಕೆಳಗಿನವರಿಗೆ ಹೆಚ್ಚುಕಡಿಮೆ ಸಂಬಂಧವೇ ಇಲ್ಲದ ಮಾತು.

ಫೆಡರಲ್ ಲೆಕ್ಕದಲ್ಲೂ ಒಂದು ಬದಲಾವಣೆ ಆಗಿದೆ. ರಾಜ್ಯಕ್ಕೆ ಕಟ್ಟಿದ ಆದಾಯ ತೆರಿಗೆ ಅಥವಾ ಮಾರಾಟ ತೆರಿಗೆ, ಜೊತೆಗೆ ಆಸ್ತಿ ತೆರಿಗೆ, ಇದನ್ನು ಫೆಡರಲ್ ರಿಟರ್ನ್‌ನಲ್ಲಿ ಕಳೆಯಬಹುದು. 2018ರಿಂದ ಇದಕ್ಕೆ 10,000 ಡಾಲರ್ ಮಿತಿ ಇತ್ತು. 2025ರ ಜುಲೈ ಕಾನೂನು ಅದನ್ನು 40,000ಕ್ಕೆ ಏರಿಸಿತು. ಆದಾಯ 5 ಲಕ್ಷ ದಾಟಿದರೆ ಮಿತಿ ಮತ್ತೆ ಕುಗ್ಗುತ್ತದೆ. 2030ಕ್ಕೆ ಎಲ್ಲರಿಗೂ ವಾಪಸ್ 10,000. ಅಲ್ಲಿಯವರೆಗೆ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯ ಮೇಲ್ಮಧ್ಯಮ ವರ್ಗಕ್ಕೆ ರಾಜ್ಯದ ತೆರಿಗೆಯ ನೋವು ಸ್ವಲ್ಪ ಕಡಿಮೆ.

ಸಂಬಳ ನಿಂತ ವರ್ಷ

ಈ ಹೋಲಿಕೆಗಳೆಲ್ಲ ಒಳ್ಳೆಯ ವರ್ಷದ ಲೆಕ್ಕ. ಕೆಟ್ಟ ವರ್ಷದಲ್ಲಿ ಮೂರೂ ತೆರಿಗೆಗಳ ಗುಣ ಬೇರೆ ಬೇರೆಯಾಗಿ ಗೊತ್ತಾಗುತ್ತದೆ. ಕೆಲಸ ಹೋದರೆ ಆದಾಯ ತೆರಿಗೆ ತಾನಾಗಿಯೇ ನಿಲ್ಲುತ್ತದೆ. ಖರ್ಚು ಬಿಗಿ ಹಿಡಿದರೆ ಮಾರಾಟ ತೆರಿಗೆ ಇಳಿಯುತ್ತದೆ. ಆಸ್ತಿ ತೆರಿಗೆ ಮಾತ್ರ ಜಗ್ಗುವುದಿಲ್ಲ.

ಸರ್ಕಾರದ ಕಡೆಯಿಂದ ನೋಡಿದರೆ ಇದೇ ತಿರುವುಮುರುವು. ಮನೆಯವರಿಗೆ ಅನುಕೂಲವಾದ ಆದಾಯ ತೆರಿಗೆ ಖಜಾನೆಗೆ ತೂಗುಯ್ಯಾಲೆ. ಕ್ಯಾಲಿಫೋರ್ನಿಯಾ 2022ರ ಮೇನಲ್ಲಿ 97.5 ಬಿಲಿಯನ್ ಡಾಲರ್ ಮಿಗತೆ ಇದೆ ಅಂದಿತ್ತು. ಶೇರು ಪೇಟೆ ಇಳಿಯಿತು, 2023ರ ಜನವರಿಯಲ್ಲಿ 22.5 ಬಿಲಿಯನ್ ಕೊರತೆ ಅಂದಿತು. ಎಂಟು ತಿಂಗಳ ಅಂತರ. ಖಜಾನೆಗೆ ಗಟ್ಟಿಯಾದ ಆಸ್ತಿ ತೆರಿಗೆಯೂ ದೊಡ್ಡ ಕುಸಿತದಲ್ಲಿ ನಿಲ್ಲುವುದಿಲ್ಲ. 1930ರ ದಶಕದ ಮಹಾ ಕುಸಿತದಲ್ಲಿ ಮಿಸ್ಸಿಸಿಪ್ಪಿಯ ರೈತರ ಬಳಿ ದುಡ್ಡಿರಲಿಲ್ಲ, ತೆರಿಗೆ ಬಾಕಿಗೆ ಹೊಲಗಳು ಹರಾಜಿಗೆ ಬಂದವು, ಖಜಾನೆಯೂ ಖಾಲಿಯಾಯಿತು. ಆಗ 1932ರಲ್ಲಿ ಆ ರಾಜ್ಯ ಶೇ 2 ಮಾರಾಟ ತೆರಿಗೆ ತಂದಿತು. ದೇಶದಲ್ಲೇ ಮೊದಮೊದಲು ಅದನ್ನು ತಂದ ರಾಜ್ಯಗಳಲ್ಲಿ ಅದೂ ಒಂದು. ಇವತ್ತು ಆದಾಯ ತೆರಿಗೆ ಬಿಟ್ಟುಕೊಡಲು ಹೊರಟಾಗ ಅದು ಒರಗುವುದು ಅದೇ ಮಾರಾಟ ತೆರಿಗೆಯ ಮೇಲೆ.

ಡಲ್ಲಾಸ್ ಹೊರವಲಯದಲ್ಲಿ ಮನೆ ಕೊಂಡ, ವೀಸಾದಲ್ಲಿರುವ ಕುಟುಂಬಕ್ಕೆ ಕೆಟ್ಟ ವರ್ಷ ಅಂದರೆ ಹೀಗೆ. ಆಸ್ತಿ ತೆರಿಗೆಯ ಬಿಲ್ ಅಕ್ಟೋಬರ್, ನವೆಂಬರ್‌ನಲ್ಲಿ ಬರುತ್ತದೆ. ಕಟ್ಟಲು ಜನವರಿ 31 ಕೊನೆಯ ದಿನ. ಸಾಲದ ಕಂತಿನ ಜೊತೆ ಬ್ಯಾಂಕೇ ತೆರಿಗೆ ಹಿಡಿದುಕೊಳ್ಳುವ ವ್ಯವಸ್ಥೆ ಇದ್ದರೂ ಆ ಕಂತು ಪ್ರತಿ ತಿಂಗಳು ಹೋಗಲೇಬೇಕು. ಎಚ್-1ಬಿಯವರಿಗೆ ಕೆಲಸ ಹೋದ ದಿನದಿಂದ ಹೊಸದು ಹುಡುಕಿಕೊಳ್ಳಲು ಹೆಚ್ಚೆಂದರೆ 60 ದಿನ. ಡಿಸೆಂಬರ್ ಮೊದಲ ವಾರದಲ್ಲಿ ಕೆಲಸ ಹೋಯಿತು ಅಂದುಕೊಳ್ಳಿ. ವೀಸಾದ ಗಡುವು, ಮನೆ ತೆರಿಗೆಯ ಗಡುವು ಎರಡೂ ಒಂದೇ ವಾರದಲ್ಲಿ ಬಂದು ನಿಲ್ಲುತ್ತವೆ. ಆ ತಿಂಗಳು ಆದಾಯ ತೆರಿಗೆ ಇದ್ದ ರಾಜ್ಯದಲ್ಲಿ ಇದ್ದಿದ್ದರೆ ಸಂಬಳದ ತೆರಿಗೆ ಸೊನ್ನೆ ಆಗಿರುತ್ತಿತ್ತು. ಟೆಕ್ಸಸ್‌ನಲ್ಲಿ ತಡವಾದರೆ ಫೆಬ್ರವರಿ 1ಕ್ಕೆ ಶೇ 6 ದಂಡ, ಶೇ 1 ಬಡ್ಡಿ ಸೇರುತ್ತದೆ.